ಹಡಗು ಹತ್ತಿದ ಜಾತಿ

ಸಮುದ್ರವನ್ನು ದಾಟಿದವನು ಜಾತಿಗೆಡುವನೆಂದು ನಂಬಿದ್ದ ನಮ್ಮ ಹಿರಿಯರು, ಮರಳಿ ಬಂದವನಿಗೆ ಪಂಚಗವ್ಯವನ್ನು ಕುಡಿಸಿ ಪ್ರಾಯಶ್ಚಿತ್ತವನ್ನು ಮಾಡಿಸುತ್ತಿದ್ದರು. ಲಂಡನ್ನಿನಲ್ಲಿ ಬಹುಕಾಲದಿಂದ ನೆಲೆಸಿರುವ ನನಗೆ ಆ ಭಯವು ನಿರಾಧಾರವಾದುದೆಂದೇ ತೋರುತ್ತದೆ. ಜಾತಿಯು ಕೆಡಲಿಲ್ಲ; ನಮ್ಮೊಡನೆಯೇ ಹಡಗನ್ನು ಹತ್ತಿ, ದಾರಿಯಲ್ಲಿ ಮೈಬಣ್ಣದ ತಾರತಮ್ಯವೆಂಬ ಹೊಸ ನೆಂಟನನ್ನು ಕೂಡಿಕೊಂಡು, ಥೇಮ್ಸ್ ನದಿಯ ದಂಡೆಯಲ್ಲಿ ಇಳಿಯಿತು. ಎರಡನ್ನೂ 'ವರ್ಣ'ವೆಂಬ ಒಂದೇ ಶಬ್ದದಿಂದ ಕರೆಯುವ ಸೌಕರ್ಯವು ನಮ್ಮ ನುಡಿಗೆ ಮೊದಲೇ ಇದ್ದಿತಷ್ಟೆ!

ಹಡಗೆಂಬುದು ಪಂಕ್ತಿಭೇದದ ತೇಲುವ ಪಾಠಶಾಲೆಯಾಗಿದ್ದಿತು. ಬಿಳಿಯ ನಾವಿಕನ ಸಂಬಳದ ಒಂದಂಶಕ್ಕೆ ದುಡಿಯುತ್ತಿದ್ದ ಲಸ್ಕರರೆಂಬ ಏಷ್ಯದ ನಾವಿಕರಿಗಾಗಿ 1857ರಲ್ಲಿ ಲಂಡನ್ನಿನ ಲೈಮ್‌ಹೌಸಿನಲ್ಲಿ ಒಂದು ಆಶ್ರಯಗೃಹವೂ, ದೊರೆಸಾನಿಯರ ಕೂಸುಗಳನ್ನು ಎತ್ತಿಕೊಂಡು ಬಂದು ಇಲ್ಲಿ ಕೈಬಿಡಲ್ಪಟ್ಟ ಆಯಾಗಳಿಗಾಗಿ ಹ್ಯಾಕ್ನಿಯ ಕಿಂಗ್ ಎಡ್ವರ್ಡ್ಸ್ ರಸ್ತೆಯಲ್ಲಿ ಒಂದು ಮನೆಯೂ ಏರ್ಪಟ್ಟವು. ಅಮೆರಿಕದಲ್ಲಿಯಾದರೋ ಪಂಕ್ತಿಯ ಜಗಳವು ನ್ಯಾಯಾಲಯವನ್ನೇ ಮುಟ್ಟಿತು: ಸಿರಿಯದ ಜಾರ್ಜ್ ಡೌ 1915ರಲ್ಲಿ 'ಬಿಳಿಯ'ನೆಂದು ಪೌರತ್ವವನ್ನು ಗೆದ್ದನು, ತಾನು ಉಚ್ಚಕುಲದ ಆರ್ಯನೆಂದು ವಾದಿಸಿ ಅದೇ ಪದವಿಯನ್ನು ಬೇಡಿದ ಭಗತ್ ಸಿಂಗ್ ಥಿಂಡ್ 1923ರಲ್ಲಿ ಸೋತನು. ಮೇಲಣ ಎಲೆಗಾಗಿ ಆತನು ಜಾತಿಯನ್ನೇ ರಹದಾರಿಯಾಗಿ ತೋರಿಸಿದನಲ್ಲ!

ಪಯಣವು ಎಲ್ಲರಿಗೂ ಇದೇ ಪಾಠವನ್ನು ಕಲಿಸಿತೆನ್ನಲಾಗದು. ನ್ಯೂಯಾರ್ಕ್, ಲಂಡನ್‌ಗಳಲ್ಲಿ ಓದಿ 1917ರಲ್ಲಿ ಬರೋಡೆಗೆ ಬಂದ ಅಂಬೇಡ್ಕರರು, ತಾವು ಅಸ್ಪೃಶ್ಯರೆಂಬುದನ್ನೇ ಪರದೇಶವಾಸವು ಮರೆಯಿಸಿದ್ದಿತೆಂದು ಬರೆದಿದ್ದಾರೆ. ತಂಗಲು ಎಡೆಯಿಲ್ಲದೆ ಪಾರ್ಸಿಗಳ ಛತ್ರದಲ್ಲಿ ಪಾರ್ಸಿಯ ಹೆಸರಿನಿಂದ ಉಳಿಯಬೇಕಾಗಿ ಬಂದಾಗ ಊರು ಅದನ್ನು ನೆನಪಿಗೆ ತಂದಿತು.

ನಮ್ಮ ಪರಿಚಯದ ಹಿರಿಯರೊಬ್ಬರು ಜನಗಣತಿಯ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ, 'ಇಂಡಿಯನ್' ಎಂಬ ಚೌಕದಲ್ಲಿ ಗುರುತು ಹಾಕುತ್ತಿದ್ದಂತೆಯೇ, ಪಕ್ಕದ ಮನೆಗೆ ಬಂದ ಹೊಸಬರ ವಿಷಯವನ್ನೆತ್ತಿ, "ಕರಿಯರು ಕಣಪ್ಪಾ" ಎಂದು ದನಿಯನ್ನು ತಗ್ಗಿಸಿದರು. ಆಡಿದುದು ಕನ್ನಡ, ಗೋಡೆಯಾಚೆಯವರಿಗೆ ತಿಳಿಯುವಂತಿರಲಿಲ್ಲ. ಬಿಳಿಯರ ಅವಮಾನವನ್ನು ನಲವತ್ತು ವರ್ಷ ಉಂಡವರೂ ಅವರೇ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಜಾತಿಯನ್ನು ಜನಾಂಗಭೇದದ ಅಂಗವಾಗಿ ಸೇರಿಸಲು ಇಲ್ಲಿಯ 2010ರ ಸಮಾನತಾ ಕಾಯಿದೆಯು ಅವಕಾಶವನ್ನಿತ್ತಿತು. ಸೇರಿಸಲೇಬೇಕೆಂದು 2013ರಲ್ಲಿ ಪಾರ್ಲಿಮೆಂಟು ವಿಧಿಸಿತು. ಹಲವು ಹಿಂದೂ ಸಂಸ್ಥೆಗಳು ಇದನ್ನು ವಿರೋಧಿಸಿದವು. ನ್ಯಾಯಾಲಯಗಳ ತೀರ್ಪುಗಳೇ ಸಾಕೆಂದು ಸರ್ಕಾರವು 2018ರ ಜುಲೈಯಲ್ಲಿ ಹಿಂಜರಿಯಿತು. ಬಣ್ಣದ ಹೆಸರಿನಲ್ಲಿ ನ್ಯಾಯವನ್ನು ಕೇಳುವ ನಾವು ಜಾತಿಯ ಹೆಸರು ಬಂದೊಡನೆ ಮೌನವನ್ನು ತಾಳುವುದು ನನಗೆ ಶೋಭೆಯೆನಿಸುವುದಿಲ್ಲ. 2015ರ ನವೆಂಬರಿನಿಂದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ನಿಂತಿರುವ ಬಸವೇಶ್ವರರ ಪ್ರತಿಮೆಗೆ ಮಾಲೆ ಹಾಕಲು ಹೋಗುವ ಕನ್ನಡಿಗರು, ಹೊಳೆಯ ಆಚೆದಡದಲ್ಲಿರುವ ಪಾರ್ಲಿಮೆಂಟಿನ ತಮ್ಮ ಸದಸ್ಯರಿಗೆ ಈ ವಿಷಯವಾಗಿ ಒಂದು ಕಾಗದವನ್ನೂ ಬರೆಯಲಿ.