ಹೆಸರು ಯಾರ ಪಾಲಿಗೆ?

ಗಜೇಂದ್ರಗಡದ ಜನರಿಗೆ ಬೇರೆಯಾಗುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಗದಗ ಬೇರೆಯಾಯಿತು. 2017ರ ರಾಜ್ಯ ಬಜೆಟ್ಟಿನ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಗಜೇಂದ್ರಗಡದ ಹೆಸರು ಬಂದು, ಅದು ರೋಣದಿಂದ ಬೇರೆಯಾಯಿತು. ಹೀಗೆ ಬೇರೆಯಾಗುವಾಗ ಕಡತಗಳನ್ನು ಹಂಚಬೇಕು, ನೌಕರರನ್ನು ಹಂಚಬೇಕು, ಯಾವ ಹಳ್ಳಿ ಯಾರಿಗೆ ಎಂದು ಗೆರೆ ಎಳೆಯಬೇಕು. ಒಂದು ಕುರ್ಚಿ ಇಲ್ಲಿಗೆ ಬಂದರೆ ಅಲ್ಲಿ ಒಂದು ಕುರ್ಚಿ ಕಡಿಮೆ. ಅಣ್ಣತಮ್ಮಂದಿರ ಪಾಲಿನಲ್ಲಿಯೂ ಇದೇ ಲೆಕ್ಕ. ನಾಲ್ಕು ಎಕರೆ ಎರಡಾದರೆ ಎರಡೆರಡೇ ಎಕರೆ.

ಆದರೆ ಎಷ್ಟು ಪಾಲು ಮಾಡಿದರೂ ಕಡಿಮೆಯಾಗದ ಆಸ್ತಿಯೊಂದಿದೆ ಎಂದಿಟ್ಟುಕೊಳ್ಳಿ. ಅಣ್ಣನಿಗೂ ಪೂರ್ತಿ ನಾಲ್ಕು ಎಕರೆ, ತಮ್ಮನಿಗೂ ಪೂರ್ತಿ ನಾಲ್ಕು ಎಕರೆ. ದೀಪದಿಂದ ದೀಪ ಹಚ್ಚಿದಂತೆ. ಅಂಥ ಆಸ್ತಿಗೆ ಯಾರಾದರೂ ಜಗಳ ಆಡುತ್ತಾರೆಯೇ? ಆಡುತ್ತಾರೆ, ಜೋರಾಗಿಯೇ ಆಡುತ್ತಾರೆ. ಮುಕ್ತ ತಂತ್ರಾಂಶದ ಚರಿತ್ರೆಯಲ್ಲಿ ಇದಕ್ಕೆ ಬೇಕಾದಷ್ಟು ಉದಾಹರಣೆಗಳಿವೆ. ಅವುಗಳಲ್ಲೊಂದು ಕನ್ನಡದಲ್ಲಿ ಪತ್ರ ಬರೆಯುವವರಿಗೂ ಸಂಬಂಧಿಸಿದ್ದು.

ಮೊದಲು ಮುಕ್ತ ತಂತ್ರಾಂಶ ಎಂದರೇನು ಎಂಬುದನ್ನು ಸ್ವಲ್ಪದರಲ್ಲಿ ತಿಳಿಯೋಣ. ಗಣಕಕ್ಕೆ ಏನು ಮಾಡಬೇಕೆಂದು ಹೇಳುವ ಸೂಚನೆಗಳ ಮೂಲ ಬರಹಕ್ಕೆ ಸೋರ್ಸ್ ಕೋಡ್ ಎನ್ನುತ್ತಾರೆ. ಸಾಮಾನ್ಯವಾಗಿ ಕಂಪನಿಗಳು ಇದನ್ನು ಗುಟ್ಟಾಗಿಟ್ಟು, ತಯಾರಾದ ಮಾಲನ್ನಷ್ಟೇ ಮಾರುತ್ತವೆ. ಹೋಳಿಗೆ ಕೊಡುತ್ತಾರೆ, ಮಾಡುವ ವಿಧಾನ ಹೇಳುವುದಿಲ್ಲ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬುವರು ಇದು ಸರಿಯಲ್ಲವೆಂದು ಗ್ನು ಎಂಬ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವನ್ನು ಬಳಸುವ, ಅದರ ಒಳಗನ್ನು ಓದುವ, ತಿದ್ದುವ, ತಿದ್ದಿದ್ದನ್ನು ಇತರರಿಗೆ ಹಂಚುವ ಹಕ್ಕು ಎಲ್ಲರಿಗೂ ಇರಬೇಕು ಎಂಬುದು ಅವರ ವಾದ. ಈ ಹಕ್ಕುಗಳನ್ನು ಪರವಾನಗಿ ಪತ್ರದಲ್ಲಿಯೇ ಬರೆದುಕೊಟ್ಟರೆ ಅದು ಮುಕ್ತ ತಂತ್ರಾಂಶ. ತಿದ್ದಿ ಹಂಚುವ ಹಕ್ಕು ಇದೆ ಎಂದಮೇಲೆ ಮನಸ್ತಾಪ ಬಂದಾಗ ಪೂರ್ತಿ ಪ್ರತಿಯನ್ನು ತೆಗೆದುಕೊಂಡು ಹೊರಟುಹೋಗುವ ಹಕ್ಕೂ ಇದ್ದೇ ಇದೆ. ನದಿ ಕವಲೊಡೆದಂತೆ ಅಲ್ಲಿಂದ ಮುಂದೆ ಎರಡು ತಂತ್ರಾಂಶಗಳು.

ಈಗ ಕಥೆಗೆ ಬರೋಣ. ಪತ್ರ ಬರೆಯಲು, ಲೆಕ್ಕ ಇಡಲು, ಚಿತ್ರಪಟ ತೋರಿಸಲು ಬೇಕಾದ ಸಲಕರಣೆಗಳ ಒಂದು ಕಟ್ಟನ್ನು ಜರ್ಮನಿಯ ಸ್ಟಾರ್ ಡಿವಿಷನ್ ಎಂಬ ಕಂಪನಿ ತಯಾರಿಸುತ್ತಿತ್ತು. 1999ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಈ ಕಂಪನಿಯನ್ನು ಕೊಂಡಿತು. ಮರುವರ್ಷ, ಅಂದರೆ 2000ದ ಅಕ್ಟೋಬರ್ 13ರಂದು, ಅದರ ಸೋರ್ಸ್ ಕೋಡನ್ನು ಜಗತ್ತಿಗೆ ಬಿಟ್ಟುಕೊಟ್ಟಿತು. ಹೆಸರು ಓಪನ್ ಆಫೀಸ್ ಡಾಟ್ ಆರ್ಗ್. ಕೊನೆಯಲ್ಲಿ ಈ ಡಾಟ್ ಆರ್ಗ್ ಬಾಲ ಏಕೆಂದರೆ, ಬರೀ ಓಪನ್ ಆಫೀಸ್ ಎಂಬ ಹೆಸರಿನ ಮೇಲೆ ಆಗಲೇ ಬೇರೆಯವರ ಹಕ್ಕು ಇತ್ತು! ಹುಟ್ಟುವಾಗಲೇ ಹೆಸರಿನ ತಕರಾರು.

ದುಬಾರಿ ತಂತ್ರಾಂಶ ಕೊಳ್ಳಲಾಗದ ಶಾಲೆ, ಸಂಘಸಂಸ್ಥೆ, ಸರ್ಕಾರಿ ಕಚೇರಿಗಳಿಗೆ ಇದು ವರದಾನವಾಯಿತು. ಇನ್ನೂ ದೊಡ್ಡ ಸಂಗತಿಯೆಂದರೆ ಭಾಷೆಯದು. ವ್ಯಾಪಾರಿ ಕಂಪನಿ ಗಿರಾಕಿಗಳೆಷ್ಟು ಎಂದು ಎಣಿಸಿ ನೋಡಿ ಭಾಷೆಯನ್ನು ಆಯುತ್ತದೆ. ಮುಕ್ತ ತಂತ್ರಾಂಶಕ್ಕೆ ಆ ಹಂಗಿಲ್ಲ. ಮೂಲ ಬರಹ ಕೈಯಲ್ಲಿರುವುದರಿಂದ ಆಯಾ ಭಾಷೆಯವರೇ ಕುಳಿತು ಪದಕ್ಕೆ ಪದ ಹಾಕಿಕೊಳ್ಳಬಹುದು. ತೆರೆಯ ಮೇಲೆ ಫೈಲ್ ಎಂದಿರುವ ಕಡೆ ಕಡತ ಎಂದು ಕಾಣಿಸುವುದರ ಹಿಂದೆ ಸಾವಿರಾರು ಸಾಲುಗಳ ಅನುವಾದದ ದುಡಿಮೆ ಇರುತ್ತದೆ. ಕನ್ನಡಕ್ಕೂ ಈ ದುಡಿಮೆ ನಡೆಯಿತು.

ಆದರೆ ಒಂದು ತೊಡಕಿತ್ತು. ಯಾರಾದರೂ ಹೊಸ ಕೋಡ್ ಬರೆದು ಕೊಡಬೇಕೆಂದರೆ ಮೊದಲು ಒಂದು ಕಾಗದಕ್ಕೆ ಸಹಿ ಹಾಕಬೇಕಾಗಿತ್ತು. ಬರೆದವರ ಜೊತೆಗೆ ಸನ್ ಕಂಪನಿಗೂ ಅದರ ಮೇಲೆ ಪೂರ್ಣ ಹಕ್ಕುಸ್ವಾಮ್ಯ ಎಂದು ಆ ಕಾಗದ ಹೇಳುತ್ತಿತ್ತು. ಗಜೇಂದ್ರಗಡದ ಮಗ್ಗದ ಮನೆಗಳವರಿಗೆ ಇದು ಬೇಗ ಅರ್ಥವಾಗುತ್ತದೆ. ಸಾವಕಾರ ನೂಲು ಕೊಡುತ್ತಾನೆ, ನೇಕಾರ ಸೀರೆ ನೇಯ್ದು ಕೊಟ್ಟು ಮಜೂರಿ ಪಡೆಯುತ್ತಾನೆ, ಸೀರೆ ಸಾವಕಾರನದು. ಇದು ತಿಳಿದ ವ್ಯವಹಾರ. ಇಲ್ಲಿ ಮಾತ್ರ ನೂಲೂ ನೇಕಾರನದೇ, ಮಜೂರಿಯೂ ಇಲ್ಲ, ಸೀರೆಯ ಮೇಲಿನ ಮುದ್ರೆ ಸಾವಕಾರನದು. ಅನೇಕರು ಗೊಣಗಿದರು. ಕೆಲವರು ತಮ್ಮ ತಿದ್ದುಪಡಿಗಳನ್ನು ಸನ್‌ಗೆ ಕೊಡದೆ ಗೋ-ಊ ಎಂಬ ಬೇರೆ ಹೆಸರಿನಲ್ಲಿ ಹಂಚತೊಡಗಿದರು. ನ್ಯಾಯವಾಗಿ ಹೇಳಬೇಕೆಂದರೆ ಸನ್ ಸುಮ್ಮನೆ ಕುಳಿತು ಉಣ್ಣುತ್ತಿರಲಿಲ್ಲ. ಕೆಲಸದ ದೊಡ್ಡ ಪಾಲನ್ನು ಹ್ಯಾಂಬರ್ಗ್‌ನಲ್ಲಿದ್ದ ಅದರ ಇಂಜಿನಿಯರುಗಳೇ ಮಾಡುತ್ತಿದ್ದರು, ಅವರಿಗೆ ಪಗಾರ ಕೊಡುತ್ತಿದ್ದುದು ಸನ್. ಹತ್ತು ವರ್ಷ ಹೀಗೇ ಗೊಣಗುತ್ತ ಸಂಸಾರ ನಡೆಯಿತು.

2010ರ ಜನವರಿಯಲ್ಲಿ ಸಾವಕಾರನೇ ಬದಲಾದ. ಒರಾಕಲ್ ಎಂಬ ಭಾರೀ ಕಂಪನಿ ಸನ್ ಅನ್ನು ಇಡಿಯಾಗಿ ಕೊಂಡಿತು. ಅದೇ ಆಗಸ್ಟ್‌ನಲ್ಲಿ ಸನ್‌ನ ಮತ್ತೊಂದು ಮುಕ್ತ ಯೋಜನೆಯಾದ ಓಪನ್ ಸೋಲಾರಿಸ್‌ಗೆ ಒರಾಕಲ್ ಬಾಗಿಲು ಹಾಕಿತು. ಅದೇ ತಿಂಗಳು ಜಾವಾ ವಿಷಯದಲ್ಲಿ ಗೂಗಲ್ ಮೇಲೆ ದಾವೆ ಹೂಡಿತು. ನೆರೆಮನೆಗೆ ಬಿದ್ದ ಬೆಂಕಿ ನೋಡಿದವರು ತಮ್ಮ ಬಣವೆಯ ಚಿಂತೆ ಮಾಡದೆ ಇರುತ್ತಾರೆಯೇ?

2010ರ ಸೆಪ್ಟೆಂಬರ್ 28ರಂದು ಓಪನ್ ಆಫೀಸ್‌ಗಾಗಿ ದುಡಿಯುತ್ತಿದ್ದವರಲ್ಲಿ ಅನೇಕರು ಸೇರಿ ದಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸ್ವತಂತ್ರ ಸಂಸ್ಥೆಯನ್ನು ಘೋಷಿಸಿದರು. ಗಮನಿಸಬೇಕಾದ ಸಂಗತಿಯೆಂದರೆ ಅವರು ಜಗಳ ಆಡುತ್ತ ಹೊರಬೀಳಲಿಲ್ಲ. ನೀವೂ ಬನ್ನಿ, ಹಳೆಯ ಹೆಸರನ್ನು ಈ ಸಂಸ್ಥೆಗೆ ದಾನ ಮಾಡಿ ಎಂದು ಒರಾಕಲನ್ನು ಕರೆದರು. ಉತ್ತರ ಬರುವವರೆಗೆ ಇರಲಿ ಎಂದು ತಂತ್ರಾಂಶಕ್ಕೆ ತಾತ್ಕಾಲಿಕವಾಗಿ ಲಿಬ್ರೆ ಆಫೀಸ್ ಎಂದು ಹೆಸರಿಟ್ಟರು. ತೊಟ್ಟಿಲಲ್ಲಿ ಕರೆದ ಹೆಸರೇ ಕೊನೆಗೆ ಶಾಲೆಯ ದಾಖಲೆಗೂ ಹೋದಂತೆ, ಆ ಹೆಸರೇ ಉಳಿಯಿತು.

ಉತ್ತರ ಬಂದದ್ದು ಬೇರೆ ರೀತಿಯಲ್ಲಿ. ಓಪನ್ ಆಫೀಸ್‌ಗೆ ಸಮುದಾಯ ಮಂಡಳಿ ಎಂಬುದೊಂದಿತ್ತು. ಹೊಸ ಸಂಸ್ಥೆಯಲ್ಲಿರುವವರು ಆ ಮಂಡಳಿಯಲ್ಲಿ ಇರುವುದು ಹಿತಾಸಕ್ತಿಗಳ ಘರ್ಷಣೆ, ರಾಜೀನಾಮೆ ಕೊಡಿ ಎಂದು ಅಕ್ಟೋಬರ್‌ನಲ್ಲಿ ಒರಾಕಲ್ ಕಡೆಯವರು ಕೇಳಿದರು. ವಿಚಿತ್ರವೆಂದರೆ ಹೊರಟವರು ತಾವು ಹೊರಟಿದ್ದೇವೆ ಎಂದೇ ಭಾವಿಸಿರಲಿಲ್ಲ. ತಂತ್ರಾಂಶವನ್ನು ಅದರ ಮನೆಗೆ ಕರೆದೊಯ್ಯುತ್ತಿದ್ದೇವೆ ಎಂಬುದು ಅವರ ತಿಳಿವಳಿಕೆ. ಹೆಸರು ಇರುವಲ್ಲಿಯೇ ಮನೆ ಎಂಬುದು ಕಂಪನಿಯ ತಿಳಿವಳಿಕೆ. ಮುಂದಿನ ತಿಂಗಳು ಜರ್ಮನ್ ಭಾಷೆಯ ತಂಡದ ಮೂವತ್ತಕ್ಕೂ ಹೆಚ್ಚು ಜನ ಒಟ್ಟಾಗಿ ಪತ್ರ ಬರೆದು ಹೊರನಡೆದರು.

ಹಣವಿಲ್ಲ, ಹೆಸರಿಲ್ಲ. ಜರ್ಮನಿಯಲ್ಲಿ ಪ್ರತಿಷ್ಠಾನವೊಂದನ್ನು ನೋಂದಾಯಿಸಲು 50,000 ಯೂರೋ ಮೂಲಧನ ಬೇಕಾಗಿತ್ತು. 2011ರ ಫೆಬ್ರವರಿಯಲ್ಲಿ ಜನರ ಮುಂದೆ ಜೋಳಿಗೆ ಹಿಡಿದರು. ಎಂಟೇ ದಿನಗಳಲ್ಲಿ ಜೋಳಿಗೆ ತುಂಬಿತು. 2012ರ ಫೆಬ್ರವರಿಯಲ್ಲಿ ಬರ್ಲಿನ್‌ನಲ್ಲಿ ನೋಂದಣಿಯೂ ಆಯಿತು. ಅದರ ಕಟ್ಟಳೆಗಳಲ್ಲಿ ಎರಡನ್ನು ಇಲ್ಲಿ ಹೇಳಲೇಬೇಕು. ಯಾವುದೇ ಒಂದು ಕಂಪನಿಯ ಜನ ಆಡಳಿತ ಮಂಡಳಿಯಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿರಕೂಡದು. ಕೋಡ್ ಬರೆದವರು ತಮ್ಮ ಹಕ್ಕುಸ್ವಾಮ್ಯವನ್ನು ಯಾರಿಗೂ ಬರೆದುಕೊಡಬೇಕಾಗಿಲ್ಲ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ಜಿಲ್ಲೆಯ ಜನರಿಗೆ ಇಂಥ ಕಟ್ಟಳೆಯ ಬೆಲೆ ಗೊತ್ತು. ಸಂಘದಲ್ಲಿ ಒಂದೇ ಮನೆತನದ ಕೈ ಮೇಲಾದರೆ ಏನಾಗುತ್ತದೆಂಬುದೂ ಗೊತ್ತು.

ಒರಾಕಲ್ ತನ್ನಲ್ಲಿ ಉಳಿದ ಹೆಸರನ್ನು ಏನು ಮಾಡಿತು? 2011ರ ಏಪ್ರಿಲ್‌ನಲ್ಲಿ, ಓಪನ್ ಆಫೀಸ್‌ನ ವ್ಯಾಪಾರಿ ಆವೃತ್ತಿಯನ್ನು ನಿಲ್ಲಿಸುತ್ತೇವೆ ಎಂದಿತು. ಜೂನ್‌ನಲ್ಲಿ ಹೆಸರು, ಕೋಡ್ ಎಲ್ಲವನ್ನೂ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಮೂರನೆಯವರಿಗೆ ದಾನ ಕೊಟ್ಟಿತು. ಕೇಳಿದವರಿಗೆ ಕೊಡಲಿಲ್ಲ! ಅಪಾಚೆ ಕೂಡ ಹೆಸರುವಾಸಿಯಾದ, ಲಾಭಕ್ಕಾಗಿ ದುಡಿಯದ ಸಂಸ್ಥೆಯೇ. ಆದರೆ ಅದರ ಪರವಾನಗಿ ಪತ್ರ ಬೇರೆ ಜಾತಿಯದು. ಅಪಾಚೆ ಕೋಡನ್ನು ಲಿಬ್ರೆ ಆಫೀಸ್‌ನವರು ತೆಗೆದುಕೊಳ್ಳಬಹುದು, ಲಿಬ್ರೆ ಆಫೀಸ್‌ನ ಕೋಡನ್ನು ಅಪಾಚೆಯವರು ತೆಗೆದುಕೊಳ್ಳುವಂತಿಲ್ಲ. ಬಾವಿಯ ಪಂಪಿನ ತಳದಲ್ಲಿ ಕೂರಿಸುವ ಫುಟ್ ವಾಲ್ವ್ ನೆನಪಿಸಿಕೊಳ್ಳಿ. ನೀರು ಮೇಲೆ ಹೋಗುತ್ತದೆ, ಕೆಳಗೆ ಇಳಿಯುವುದಿಲ್ಲ. ಹೀಗಾಗಿ ಎರಡೂ ಕವಲು ಮತ್ತೆ ಕೂಡುವ ದಾರಿ ಅಲ್ಲಿಗೆ ಇನ್ನಷ್ಟು ಕಿರಿದಾಯಿತು.

ಇಂಥದ್ದು ಇದೇ ಮೊದಲಲ್ಲ. 2005ರಲ್ಲಿ ಮ್ಯಾಂಬೋ ಎಂಬ ಮುಕ್ತ ತಂತ್ರಾಂಶದ ತಂಡ, ಹೆಸರಿನ ಒಡೆತನ ಹೊಂದಿದ್ದ ಆಸ್ಟ್ರೇಲಿಯಾದ ಕಂಪನಿಯೊಡನೆ ಮುನಿದು ಹೊರಬಂದು ಜೂಮ್ಲಾ ಎಂಬ ಹೊಸ ಹೆಸರಿಟ್ಟುಕೊಂಡಿತು. ಎಲ್ಲರೂ ಒಟ್ಟಾಗಿ ಎಂಬ ಅರ್ಥದ ಸ್ವಾಹಿಲಿ ಪದದಿಂದ ಬಂದ ಹೆಸರದು. ಆ ಪದ ಅರಬ್ಬೀ ಮೂಲದ್ದು. ನಮ್ಮ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಒಟ್ಟು ಮೊತ್ತಕ್ಕೆ ಬರೆಯುತ್ತಿದ್ದ ಜುಮಲಾ ಕೂಡ ಅದೇ ಬೇರಿನದು.

ಇವೆಲ್ಲ ಕಂಪನಿಗಳ ಜೊತೆಗಿನ ಜಗಳ, ಲಾಭದ ಲೆಕ್ಕದವರು ಹಾಗೆಯೇ ಎಂದು ಯಾರಾದರೂ ಹೇಳಬಹುದು. ಹಾಗಾದರೆ 2012ರ ಡಿಸೆಂಬರ್‌ನ ಪ್ರಸಂಗ ಕೇಳಬೇಕು. ಅಲ್ಲಿ ಮಾತೃಸಂಸ್ಥೆ ಸ್ಟಾಲ್‌ಮನ್‌ರ ಗ್ನು ಯೋಜನೆಯೇ. ಅಂತರ್ಜಾಲದಲ್ಲಿ ಹೋಗುವ ಮಾಹಿತಿಯನ್ನು ನಡುದಾರಿಯಲ್ಲಿ ಯಾರೂ ಓದದಂತೆ ಗೂಢಲಿಪಿಗೆ ಬದಲಿಸುವ ಗ್ನು ಟಿಎಲ್‌ಎಸ್ ಎಂಬ ತಂತ್ರಾಂಶವಿದೆ. ಅದನ್ನು ಬರೆದು ಬೆಳೆಸಿದ ನಿಕೋಸ್ ಮಾವ್ರೊಜಿಯಾನೊಪೌಲೋಸ್ ಎಂಬುವರು, ಮಾತೃಸಂಸ್ಥೆಯ ತೀರ್ಮಾನಗಳೂ ಕಾರ್ಯವೈಖರಿಯೂ ತಮಗೆ ಒಪ್ಪಿಗೆಯಿಲ್ಲ, ತಂತ್ರಾಂಶ ಇನ್ನು ಗ್ನು ಯೋಜನೆಯ ಭಾಗವಲ್ಲ ಎಂದು ಘೋಷಿಸಿದರು. ಇಲ್ಲಿಯೂ ಹಕ್ಕುಸ್ವಾಮ್ಯವನ್ನು ಸಂಸ್ಥೆಯ ಹೆಸರಿಗೆ ಬರೆದುಕೊಡುವ ಪದ್ಧತಿ ಇತ್ತು, ಮನಸ್ತಾಪಕ್ಕೆ ಅದೂ ಕಾರಣವಾಗಿತ್ತು. ಸ್ಟಾಲ್‌ಮನ್‌ರ ಉತ್ತರದ ತಾತ್ಪರ್ಯ ಇಷ್ಟು: ನೀವು ಹೋಗಬಹುದು, ಕೋಡಿನ ಪ್ರತಿ ಒಯ್ದು ಬೇರೆ ಹೆಸರಿನಲ್ಲಿ ಬೆಳೆಸಬಹುದು, ಆದರೆ ಗ್ನು ಟಿಎಲ್‌ಎಸ್ ಎಂಬುದು ಗ್ನು ಯೋಜನೆಯದು, ಅದನ್ನು ಹೊರಗೆ ಒಯ್ಯುವಂತಿಲ್ಲ. ಗುರುವೇ ಸಾವಕಾರನ ಮಾತು ಆಡಿದಂತಾಯಿತು. ಕೆಲವೇ ದಿನಗಳಲ್ಲಿ ಸೆಡ್ ಮತ್ತು ಗ್ರೆಪ್ ಎಂಬ ಗ್ನು ತಂತ್ರಾಂಶಗಳನ್ನು ನೋಡಿಕೊಳ್ಳುತ್ತಿದ್ದ ಪಾವೊಲೊ ಬೊಂಜಿನಿ ಕೂಡ ಆ ಹೊಣೆಯನ್ನು ಬಿಟ್ಟರು.

ಮುಗಿದದ್ದು ಹೇಗೆಂದರೆ, ಇಲ್ಲಿ ಹೆಸರು ದುಡಿಯುವವರ ಹಿಂದೆಯೇ ಹೋಯಿತು. ಹೆಸರಿನಲ್ಲಿಯೇ ಗ್ನು ಎಂದಿದ್ದರೂ ಆ ತಂತ್ರಾಂಶ ಆಮೇಲೆ ಗ್ನು ಯೋಜನೆಯ ಹೊರಗೆ ಬೆಳೆಯಿತು. ಸೊಸೆ ಗಂಡನ ಮನೆ ಬಿಟ್ಟರೂ ಅಡ್ಡಹೆಸರು ಬಿಡದಂತೆ! ಹೆಸರನ್ನು ಹಿಡಿದಿಟ್ಟುಕೊಳ್ಳಲು ಕಾಗದಪತ್ರಗಳಷ್ಟೇ ಸಾಲದು, ಆ ಹೆಸರಿನಲ್ಲಿ ದಿನವೂ ಕೆಲಸ ಮಾಡುವವರೂ ಬೇಕು.

ಓಪನ್ ಆಫೀಸ್‌ನಲ್ಲಿ ಆದದ್ದು ಇದರ ತಿರುವುಮುರುವು. ಹೆಸರು ಒಂದು ಕಡೆ ಉಳಿಯಿತು, ದುಡಿಯುವವರಲ್ಲಿ ಹೆಚ್ಚಿನವರು ಇನ್ನೊಂದು ಕಡೆ ಹೋದರು. ಅಪಾಚೆ ಓಪನ್ ಆಫೀಸ್ 2014ರಲ್ಲಿ 4.1 ಎಂಬ ಆವೃತ್ತಿಯನ್ನು ತಂದಮೇಲೆ ಸಣ್ಣಪುಟ್ಟ ದುರಸ್ತಿಗಳೇ ಹೆಚ್ಚು. ಲಿಬ್ರೆ ಆಫೀಸ್ ಪ್ರತಿವರ್ಷ ಹೊಸ ಆವೃತ್ತಿಗಳನ್ನು ತರುತ್ತಿದೆ. ಕನ್ನಡದ ಮೆನುಗಳು ಅಲ್ಲಿವೆ. ಕೇರಳದ ಸರ್ಕಾರಿ ಶಾಲೆಗಳ ಗಣಕಗಳಲ್ಲಿ ಅದಿದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಪಾಠ ಕಲಿಯುತ್ತಾರೆ. ಆದರೂ ಹಳೆಯ ಹೆಸರು ಕೇಳಿದ್ದವರು ಹಳೆಯ ಹೆಸರನ್ನೇ ಹುಡುಕಿ, ಹಳತಾದ ತಂತ್ರಾಂಶವನ್ನೇ ಇಳಿಸಿಕೊಳ್ಳುವುದು ನಿಂತಿಲ್ಲ. ತಂತ್ರಾಂಶದಲ್ಲಿ ಹಳತು ಎಂದರೆ ಬರೀ ಸೌಕರ್ಯದ ಮಾತಲ್ಲ, ಕಳ್ಳರು ನುಗ್ಗುವ ಕಿಂಡಿ ಮುಚ್ಚಿದ್ದಾರೆಯೇ ಎಂಬ ಪ್ರಶ್ನೆಯೂ ಹೌದು. 2020ರ ಅಕ್ಟೋಬರ್‌ನಲ್ಲಿ, ಓಪನ್ ಆಫೀಸ್‌ಗೆ ಇಪ್ಪತ್ತು ತುಂಬಿದ ದಿನಗಳಲ್ಲಿ, ಲಿಬ್ರೆ ಆಫೀಸ್‌ನವರು ಅಪಾಚೆಗೆ ಬಹಿರಂಗ ಪತ್ರ ಬರೆದರು. ಹೊಸ ಸೌಕರ್ಯ ಬಯಸುವವರಿಗೆ ನಮ್ಮ ದಾರಿ ತೋರಿಸಿ ಎಂಬುದು ಅದರ ಸಾರಾಂಶ. ಹತ್ತು ವರ್ಷಗಳ ಮೇಲೆಯೂ ಅಂಗಡಿಯ ಬೋರ್ಡಿನ ಮಾತೇ! ಬೋರ್ಡು ಇಳಿಯಲಿಲ್ಲ, ಎರಡು ಹೆಸರುಗಳೂ ಹಾಗೆಯೇ ಉಳಿದವು.

ಬಳಸುವವರಿಗೆ ಒಂದು ಅನುಕೂಲ ಮಾತ್ರ ಪಾಲಾಗದೆ ಉಳಿದಿದೆ. ಎರಡೂ ತಂತ್ರಾಂಶಗಳು ಕಡತಗಳನ್ನು ಉಳಿಸುವುದು 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕಾರವಾದ ಓಡಿಎಫ್ ಎಂಬ ನಮೂನೆಯಲ್ಲಿ. ರೋಣದಲ್ಲಿ ಒಂದರಲ್ಲಿ ಬರೆದ ಅರ್ಜಿಯನ್ನು ಗಜೇಂದ್ರಗಡದಲ್ಲಿ ಇನ್ನೊಂದರಲ್ಲಿ ತೆರೆಯಬಹುದು. ಕನ್ನಡದ ಅರ್ಜಿಯಾದರೆ ಅಕ್ಷರಗಳನ್ನು ಯೂನಿಕೋಡ್‌ನಲ್ಲಿ ಒತ್ತಿರಬೇಕು. ಹಳೆಯ ಫಾಂಟಿನಲ್ಲಿ ಒತ್ತಿದ್ದರೆ, ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆಯ ತುಂಬ ಇಂಗ್ಲಿಷಿನ ಅಡ್ಡಾದಿಡ್ಡಿ ಅಕ್ಷರಗಳಷ್ಟೇ ಕಾಣಿಸುತ್ತವೆ.