ದ್ವೀಪ ಪ್ರವಾಸದ ಫಾರ್ವರ್ಡ್‌ಗಳು: ಮಕ್ಕಳ ಜೊತೆ ಅಂಡಮಾನ್‌ಗೆ ಹೊರಡುವ ಮುನ್ನ ತಿಳಿಯಬೇಕಾದ್ದೇನು?

ಬೇಸಿಗೆ ರಜೆ ಹತ್ತಿರವಾದಂತೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಧಾಟಿಯ ಸಂದೇಶಗಳು ಓಡಾಡತೊಡಗುತ್ತವೆ. ನೀಲಿ ನೀರು, ಬಿಳಿ ಮರಳು, ಪಕ್ಕದಲ್ಲಿ ತೆಂಗಿನ ಮರ, ಕೆಳಗೆ ‘ಮೇ ತಿಂಗಳ ವಿಶೇಷ ಪ್ಯಾಕೇಜ್, ಈಜು ಬರದಿದ್ದರೂ ಪರವಾಗಿಲ್ಲ’ ಎಂಬ ಸಾಲು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಅನೇಕ ಕುಟುಂಬಗಳು ಈಗ ತಿರುಪತಿ, ಊಟಿಯ ಆಚೆಗೆ ಅಂಡಮಾನ್, ಲಕ್ಷದ್ವೀಪಗಳ ಬಗ್ಗೆಯೂ ಯೋಚಿಸುತ್ತಿವೆ. ಯೋಚಿಸಲಿ, ಹೋಗಿ ಬರಲಿ. ಆದರೆ ಇಂಥ ಫಾರ್ವರ್ಡ್‌ಗಳಲ್ಲಿ ಅರ್ಧ ಸತ್ಯಗಳೇ ಹೆಚ್ಚು. ಮಕ್ಕಳು ಜೊತೆಗಿರುವಾಗ ಅರ್ಧ ಸತ್ಯ ದುಬಾರಿಯಾಗಬಹುದು.

ಈ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಶಾಲಾ ಪ್ರವಾಸದಲ್ಲಿದ್ದಾಗ ಮುರುಡೇಶ್ವರದ ಸಮುದ್ರದಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು. ನಮ್ಮ ಜಿಲ್ಲೆಯ ಮಕ್ಕಳಿಗೆ ಕೆರೆ ಗೊತ್ತು, ಕುಂಟೆ ಗೊತ್ತು, ಕಲ್ಯಾಣಿ ಗೊತ್ತು. ಸಮುದ್ರ ಗೊತ್ತಿಲ್ಲ. ದ್ವೀಪ ಪ್ರವಾಸದ ಯೋಜನೆ ಈ ಮಾತನ್ನು ಒಪ್ಪಿಕೊಳ್ಳುವುದರಿಂದ ಶುರುವಾಗಬೇಕು.

ಮೇ ತಿಂಗಳು ಒಳ್ಳೆಯ ಸಮಯವೇ?

ಭಾಗಶಃ ಮಾತ್ರ. ನಮ್ಮ ಶಾಲೆಗಳಿಗೆ ಹೆಚ್ಚುಕಡಿಮೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಮುಂಗಾರು ಕೇರಳಕ್ಕೆ ಬರುವುದು ಜೂನ್ 1ರ ಸುಮಾರಿಗೆ ಎಂದು ಎಲ್ಲರಿಗೂ ಗೊತ್ತು. ಆದರೆ ಅದು ಅಂಡಮಾನ್ ಸಮುದ್ರವನ್ನು ಅದಕ್ಕಿಂತ ಮೊದಲೇ, ಸಾಮಾನ್ಯವಾಗಿ ಮೇ ಮೂರನೇ ವಾರದ ಹೊತ್ತಿಗೆ ಮುಟ್ಟುತ್ತದೆ. 2025ರಲ್ಲಿ ಮೇ 13ಕ್ಕೇ ಮುಟ್ಟಿತ್ತು. ಮುಂಗಾರು ಬಂದರೆ ಅಲೆ ಏಳುತ್ತದೆ, ದ್ವೀಪಗಳ ನಡುವಿನ ಹಡಗುಗಳು ರದ್ದಾಗುತ್ತವೆ, ನೀರು ಕದಡಿ ಹವಳ ಕಾಣುವುದಿಲ್ಲ. ಕೋಲಾರದಲ್ಲಿ ವರ್ಷಕ್ಕೆ ಬೀಳುವ ಮಳೆ 700-750 ಮಿಲಿಮೀಟರ್ ಆಸುಪಾಸು. ಅಂಡಮಾನ್‌ನಲ್ಲಿ ಸುಮಾರು 3,000 ಮಿಲಿಮೀಟರ್. ಅಲ್ಲಿನ ‘ಸ್ವಲ್ಪ ಮಳೆ’ ನಮ್ಮ ಲೆಕ್ಕದಲ್ಲಿ ಸ್ವಲ್ಪವಲ್ಲ.

ಆದ್ದರಿಂದ ಬೇಸಿಗೆ ರಜೆಯಲ್ಲಿ ಹೋಗುವುದಾದರೆ ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದೊಳಗೆ ಮುಗಿಸುವುದು ಲೇಸು. ಶ್ರೀನಿವಾಸಪುರದ ಮಾವು ಬೆಳೆಗಾರ ಕುಟುಂಬಗಳಿಗೂ ಇದೇ ಅನುಕೂಲ, ಕೊಯ್ಲು ಬಿರುಸಾಗುವ ಮೊದಲೇ ವಾಪಸ್ ಬಂದಿರಬಹುದು. ದಸರಾ ರಜೆ ಬರುವ ಅಕ್ಟೋಬರ್ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಕಾಲ. ಆಗ ಹೊರಡುವವರು ಹವಾಮಾನ ಇಲಾಖೆಯ ಸೂಚನೆಗಳನ್ನು ದಿನವೂ ನೋಡಬೇಕು. ಅಲೆಗಳ ಎತ್ತರದ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಚಿತವಾಗಿ ಕೊಡುತ್ತದೆ.

ಇನ್ನೊಂದು ಲೆಕ್ಕ ಗಡಿಯಾರದ್ದು. ಅಂಡಮಾನ್ ಕೋಲಾರಕ್ಕಿಂತ ಸುಮಾರು 14.5 ಡಿಗ್ರಿ ಪೂರ್ವಕ್ಕಿದೆ. ಪ್ರತಿ ಡಿಗ್ರಿಗೆ 4 ನಿಮಿಷದಂತೆ ಅಲ್ಲಿ ಸೂರ್ಯ ನಮಗಿಂತ ಹತ್ತಿರಹತ್ತಿರ ಒಂದು ಗಂಟೆ ಮೊದಲೇ ಹುಟ್ಟಿ ಮೊದಲೇ ಮುಳುಗುತ್ತಾನೆ. ಗಡಿಯಾರ ಮಾತ್ರ ಒಂದೇ. ಸಂಜೆ ಐದೂವರೆ, ಆರಕ್ಕೆಲ್ಲ ಕತ್ತಲು. ಸಂಜೆ ಆರಕ್ಕೆ ಮಕ್ಕಳನ್ನು ನೀರಿಗೆ ಕರೆದೊಯ್ಯುವ ಯೋಜನೆ ಅಲ್ಲಿ ನಡೆಯುವುದಿಲ್ಲ.

ಪರವಾನಗಿ ಬೇಕೇ, ಬೇಡವೇ?

2024ರ ಜನವರಿಯಲ್ಲಿ ಪ್ರಧಾನಿಯವರ ಲಕ್ಷದ್ವೀಪ ಭೇಟಿಯ ನಂತರ ಅಂಡಮಾನ್, ಲಕ್ಷದ್ವೀಪ ಎರಡನ್ನೂ ಬೆರೆಸಿದ ಸಂದೇಶಗಳು ಹೆಚ್ಚಾದವು. ವಾಸ್ತವ ಹೀಗಿದೆ. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಅಂಡಮಾನ್‌ನ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್ ದ್ವೀಪಗಳಿಗೆ ಭಾರತೀಯರಿಗೆ ಅಂಥ ಪರವಾನಗಿ ಬೇಡ. ಆದರೆ ಬುಡಕಟ್ಟು ಮೀಸಲು ಪ್ರದೇಶಗಳಿಗೆ ಪ್ರವಾಸಿಗರು ಹೋಗುವಂತಿಲ್ಲ. ಹೆಸರುಗಳಿಂದಲೂ ಗೊಂದಲವಾಗಬಹುದು. ಹ್ಯಾವ್‌ಲಾಕ್ ಮತ್ತು ನೀಲ್ 2018ರಿಂದ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಆಗಿವೆ. ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರ್‌ನಿಂದ ಶ್ರೀ ವಿಜಯಪುರಂ.

‘ಬಂಗಾರಪೇಟೆಯಿಂದ ರೈಲಿನಲ್ಲಿ ಚೆನ್ನೈಗೆ, ಅಲ್ಲಿಂದ ಅಗ್ಗದ ಹಡಗು’ ಎಂಬ ಸಲಹೆ ಸುಳ್ಳಲ್ಲ. ಚೆನ್ನೈನಿಂದ ಪ್ರಯಾಣಿಕರ ಹಡಗು ಇದೆ. ಆದರೆ ಒಂದು ಕಡೆಗೇ ಎರಡೂವರೆಯಿಂದ ಮೂರು ದಿನ ಬೇಕು, ಹಡಗು ದಿನವೂ ಹೊರಡುವುದಿಲ್ಲ. ಹತ್ತು ದಿನದ ರಜೆಯಲ್ಲಿ ಐದಾರು ದಿನ ನೀರಿನ ಮೇಲೆಯೇ ಕಳೆದುಹೋಗುತ್ತದೆ. ಬೆಂಗಳೂರಿನಿಂದ ನೇರ ವಿಮಾನಕ್ಕೆ ಎರಡೂವರೆ ಗಂಟೆ ಸಾಕು.

ಕೆರೆಯಲ್ಲಿ ಈಜಿದವರಿಗೆ ಸಮುದ್ರದ ಭಯವಿಲ್ಲವೇ?

ಇದು ಅತ್ಯಂತ ಅಪಾಯಕಾರಿ ನಂಬಿಕೆ. ಕೆರೆಯ ನೀರು ನಿಂತ ನೀರು, ಸಮುದ್ರದ್ದು ಹಾಗಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಿಂದಾದರೂ ಹಿಂದಿರುಗಲೇಬೇಕು. ನೀರಿನಡಿಯ ಮರಳ ದಿಬ್ಬದಲ್ಲಿ ಸಂದು ಸಿಕ್ಕಲ್ಲಿ ಅದೆಲ್ಲ ಒಟ್ಟಾಗಿ, ತೂಬು ತೆಗೆದ ಕಾಲುವೆಯಂತೆ, ಕಿರಿದಾಗಿ ರಭಸದಿಂದ ಒಳಕ್ಕೆ ಹರಿಯುತ್ತದೆ. ಇದೇ ರಿಪ್ ಕರೆಂಟ್, ಅಂದರೆ ಹಿಂಸೆಳೆತ. ಮೋಸ ಇರುವುದು ಇಲ್ಲೇ. ಆ ಜಾಗದಲ್ಲಿ ಅಲೆಗಳು ಕಡಿಮೆ ಒಡೆಯುವುದರಿಂದ ಅದು ಅಕ್ಕಪಕ್ಕಕ್ಕಿಂತ ಶಾಂತವಾಗಿ ಕಾಣುತ್ತದೆ. ‘ಇಲ್ಲಿ ಅಲೆ ಇಲ್ಲ, ಮಕ್ಕಳನ್ನು ಇಲ್ಲೇ ಬಿಡೋಣ’ ಎಂದು ಹೆತ್ತವರು ಆರಿಸುವ ಜಾಗವೇ ಅದಾಗಿರಬಹುದು.

ಈ ಸೆಳೆತ ಮನುಷ್ಯನನ್ನು ತಳಕ್ಕೆ ಎಳೆಯುವುದಿಲ್ಲ, ದಡದಿಂದ ದೂರಕ್ಕೆ ಒಯ್ಯುತ್ತದೆ. ದಡದ ಕಡೆಗೇ ಈಜಲು ಹೆಣಗಿ ಸುಸ್ತಾದವರು ಮುಳುಗುತ್ತಾರೆ. ಸಿಕ್ಕಿಕೊಂಡರೆ ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಕರೆಯಬೇಕು, ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ‘ಕೈ ಕೈ ಹಿಡಿದು ಸರಪಳಿ ಮಾಡಿ ರಕ್ಷಿಸಿ’ ಎಂಬ ವಿಡಿಯೋಗಳನ್ನು ಅನುಸರಿಸಬೇಡಿ. ಒಂದು ಅಲೆಗೆ ಸರಪಳಿ ಕಡಿದರೆ ಕೊಚ್ಚಿಹೋಗುವವರ ಸಂಖ್ಯೆಯೇ ಹೆಚ್ಚುತ್ತದೆ. ಮುಚ್ಚಳ ಬಿಗಿದ ಖಾಲಿ ಕ್ಯಾನ್, ಚೆಂಡು, ಹಗ್ಗ, ತೇಲುವ ಏನಾದರೂ ಎಸೆಯಿರಿ, ಜೀವರಕ್ಷಕರನ್ನು ಕೂಗಿ ಕರೆಯಿರಿ.

ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕಿರುಚುವುದಿಲ್ಲ. ಉಸಿರಿಗೇ ಪರದಾಡುವಾಗ ಕೂಗಲು ಆಗುವುದಿಲ್ಲ. ಹಾಗಾಗಿ ‘ಎಲ್ಲರೂ ನೋಡ್ಕೋತಾ ಇದ್ದೀವಿ’ ಎಂಬುದು ಸಾಲದು. ಇಂತಿಷ್ಟು ಹೊತ್ತು ಇಂಥವರೇ ಎಂದು ಸರದಿ ಹಾಕಿಕೊಂಡು, ಮೊಬೈಲ್ ಬದಿಗಿಟ್ಟು, ಒಬ್ಬರು ಮಕ್ಕಳನ್ನೇ ನೋಡುತ್ತಿರಬೇಕು. ಗಾಳಿ ತುಂಬಿದ ಟ್ಯೂಬ್ ಆಟದ ಸಾಮಾನು, ಲೈಫ್ ಜಾಕೆಟ್ ಅಲ್ಲ. ದೋಣಿಯಲ್ಲಿ ಮಗುವಿನ ಅಳತೆಯ ಜಾಕೆಟ್ ಕೇಳಿ ಪಡೆಯಿರಿ. ದೊಡ್ಡವರದ್ದು ಹಾಕಿದರೆ ನೀರಿನಲ್ಲಿ ಕುತ್ತಿಗೆಯಿಂದ ಜಾರಿಹೋಗುತ್ತದೆ.

ಅಂಡಮಾನ್‌ನಲ್ಲಿ ಇದರ ಜೊತೆಗೆ ಉಪ್ಪುನೀರಿನ ಮೊಸಳೆಗಳೂ ಇವೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲಿ ಅಮೆರಿಕದ ಪ್ರವಾಸಿಯೊಬ್ಬರು ಮೊಸಳೆ ದಾಳಿಗೆ ಬಲಿಯಾದರು. ಎಚ್ಚರಿಕೆ ಫಲಕ ಇರುವಲ್ಲಿ, ಕಾಂಡ್ಲಾ ಗಿಡಗಳಿರುವ ಹಿನ್ನೀರಿನ ಬಾಯಿಗಳಲ್ಲಿ ನೀರಿಗಿಳಿಯಬಾರದು.

ಔಷಧಿ, ಮನೆಮದ್ದು: ಯಾವುದು ಸರಿ?

‘ಜೆಲ್ಲಿ ಮೀನು ಕುಟುಕಿದರೆ ಮೂತ್ರ ಹಾಕಿ’ ಎಂಬುದು ಸುಳ್ಳು. ಚರ್ಮಕ್ಕೆ ಅಂಟಿದ ಎಳೆಗಳಲ್ಲಿ ಇನ್ನೂ ಸಿಡಿಯದ ವಿಷಕೋಶಗಳಿರುತ್ತವೆ. ಮೂತ್ರ, ಸಿಹಿನೀರು, ಮರಳಿನ ಉಜ್ಜಾಟ ಅವನ್ನು ಸಿಡಿಸಬಹುದು. ಮಗುವನ್ನು ನೀರಿನಿಂದ ಹೊರತಂದು, ವಿನೆಗರ್ ಇದ್ದರೆ ಅದರಿಂದ, ಇಲ್ಲದಿದ್ದರೆ ಸಮುದ್ರದ ನೀರಿನಿಂದಲೇ ತೊಳೆದು, ಎಳೆಗಳನ್ನು ಚಿಮುಟದಿಂದ ತೆಗೆದು, ಆಸ್ಪತ್ರೆಗೆ ಕರೆದೊಯ್ಯಿರಿ. ಉಸಿರಾಟ ಕಷ್ಟವಾದರೆ ಒಂದು ಕ್ಷಣವೂ ಕಾಯಬೇಡಿ.

‘ಹಡಗಿನಲ್ಲಿ ವಾಂತಿ ಬಾರದಿರಲು ಖಾಲಿ ಹೊಟ್ಟೆಯಲ್ಲಿ ಹೋಗಿ’ ಎಂಬುದೂ ತಪ್ಪು. ಒಳಕಿವಿ ‘ಅಲುಗಾಡುತ್ತಿದ್ದೇವೆ’ ಎನ್ನುತ್ತದೆ, ಕಣ್ಣು ‘ಇಲ್ಲ’ ಎನ್ನುತ್ತದೆ, ಈ ಜಗಳದಿಂದ ತಲೆಸುತ್ತು ಬರುತ್ತದೆ. ಎರಡು ಇಡ್ಲಿಯಂಥ ಹಗುರ ಆಹಾರ, ಹಡಗಿನ ನಡುಭಾಗದ ಸೀಟು, ದೂರದ ದಿಗಂತದತ್ತ ನೋಟ ನೆರವಾಗುತ್ತವೆ. ಮಗು ಸುಮ್ಮನಿರಲಿ ಎಂದು ಕೈಗೆ ಮೊಬೈಲ್ ಕೊಟ್ಟರೆ ವಾಂತಿ ಹೆಚ್ಚಾಗುತ್ತದೆ. ಮಾತ್ರೆಯನ್ನು ಊರಲ್ಲೇ ಮಕ್ಕಳ ವೈದ್ಯರನ್ನು ಕೇಳಿ ತೆಗೆದುಕೊಳ್ಳಿ.

ಕೊಬ್ಬರಿ ಎಣ್ಣೆ ಬಿಸಿಲನ್ನು ತಡೆಯುವುದು ತೀರಾ ಸ್ವಲ್ಪ. ಟೋಪಿ, ತುಂಬುತೋಳಿನ ಅಂಗಿ, ನಡುಹಗಲಿನ ನೆರಳು ಎಲ್ಲಕ್ಕಿಂತ ಮೇಲು. ಸ್ಕೂಬಾ ಡೈವಿಂಗ್‌ಗೆ ಸಾಮಾನ್ಯವಾಗಿ ಕನಿಷ್ಠ ವಯಸ್ಸು 10. ಡೈವಿಂಗ್ ಮಾಡಿದವರು ವಿಮಾನ ಹತ್ತುವ ಮುನ್ನ 18 ಗಂಟೆ ಬಿಡುವುದು ಕ್ಷೇಮ, ಇಲ್ಲದಿದ್ದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟುವ ಅಪಾಯವಿದೆ. ಡೈವಿಂಗ್ ಅನ್ನು ಕೊನೆಯ ದಿನಕ್ಕೆ ಇಡಬೇಡಿ.

ನೆನಪಿಗೆ ಒಂದು ಹವಳ ತಂದರೆ ತಪ್ಪೇನು?

ತಪ್ಪಷ್ಟೇ ಅಲ್ಲ, ಅಪರಾಧ. ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ದಡಕ್ಕೆ ಬಿದ್ದ ಸತ್ತ ಹವಳವನ್ನೂ ಒಯ್ಯುವಂತಿಲ್ಲ. ಕೆಲವು ಬಗೆಯ ಚಿಪ್ಪುಗಳಿಗೂ ಇದೇ ರಕ್ಷಣೆ ಇದೆ. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಕಾರಣವನ್ನು ಮಕ್ಕಳಿಗೆ ಹೇಳಿಕೊಟ್ಟರೆ ಅವರೇ ಕಾವಲುಗಾರರಾಗುತ್ತಾರೆ. ಖಾಲಿ ಚಿಪ್ಪು ಸನ್ಯಾಸಿ ಏಡಿಯ ಮನೆ. ಆ ಬಿಳಿ ಮರಳು ಬಹುಪಾಲು ಪುಡಿಯಾದ ಹವಳ ಮತ್ತು ಚಿಪ್ಪುಗಳೇ. ಸಮುದ್ರ ಬಿಸಿಯಾಗಿ 1998, 2010, 2016ರಲ್ಲಿ ಅಂಡಮಾನ್‌ನ ಹವಳಗಳು ಬಿಳಚಿಕೊಂಡು ನರಳಿವೆ. ಅವುಗಳ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವುದು ಗಾಯದ ಮೇಲೆ ಬರೆ ಎಳೆದಂತೆ.

ಜಾರವಾ ಜನರ ವಿಡಿಯೋಗಳ ವಿಷಯ ಇನ್ನೂ ಗಂಭೀರ. ಬಾರಾಟಾಂಗ್ ಗುಹೆಗಳಿಗೆ ಹೋಗುವ ರಸ್ತೆ ಅವರ ಮೀಸಲು ಕಾಡಿನ ಮೂಲಕ ಹಾದುಹೋಗುತ್ತದೆ. ಅಲ್ಲಿ ವಾಹನ ನಿಲ್ಲಿಸುವುದು, ಅವರ ಫೋಟೋ ತೆಗೆಯುವುದು, ತಿನಿಸು ಕೊಡುವುದು ನಿಷಿದ್ಧ. ಹೊರಗಿನ ರೋಗಗಳನ್ನು ತಡೆಯುವ ಶಕ್ತಿ ಅವರಿಗೆ ಕಡಿಮೆ. 1999ರಲ್ಲಿ ಅವರಲ್ಲಿ ದಡಾರ ಹರಡಿತ್ತು. ಮನುಷ್ಯರನ್ನು ಮೃಗಾಲಯದ ಪ್ರಾಣಿಗಳಂತೆ ನೋಡಲು ಮಕ್ಕಳನ್ನು ಕರೆದೊಯ್ಯುವುದು ಪ್ರಕೃತಿ ಪ್ರವಾಸವಲ್ಲ. ಅಂಥ ವಿಡಿಯೋ ಗುಂಪಿಗೆ ಬಂದರೆ ಅಲ್ಲೇ ಅಳಿಸಿ.

ನೀರಿನ ಪಾಠ ನಮಗೇ ಗೊತ್ತು

ಸುತ್ತ ಸಮುದ್ರವಿದ್ದರೂ ಸಣ್ಣ ದ್ವೀಪಗಳಲ್ಲಿ ಸಿಹಿನೀರು ಕಡಿಮೆ. ಮಳೆನೀರು ನೆಲದೊಳಗೆ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ಹೆಚ್ಚು ಎತ್ತಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಏಪ್ರಿಲ್, ಮೇ ಅಲ್ಲಿ ಮಳೆಗಾಲಕ್ಕೆ ಮುಂಚಿನ ಕೊರತೆಯ ದಿನಗಳು, ನಾವು ಹೋಗುವುದೂ ಆಗಲೇ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗದ, ಸಿಕ್ಕರೂ ಫ್ಲೋರೈಡ್ ಕಾಟವಿರುವ ಕೋಲಾರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಬಕೆಟ್‌ನಲ್ಲಿ ಸ್ನಾನ ಮುಗಿಸುವ ಅಭ್ಯಾಸವನ್ನು ಅಲ್ಲಿಗೂ ಒಯ್ದರೆ ಸಾಕು.

ಕೊನೆಯದಾಗಿ

ದ್ವೀಪ ಪ್ರವಾಸಕ್ಕೆ ಹೆದರಬೇಕಿಲ್ಲ, ತಯಾರಾಗಬೇಕು. ಮುಂದಿನ ಬಾರಿ ಪ್ಯಾಕೇಜ್ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ಆ ವಾರ ಸಮುದ್ರ ಹೇಗಿರುತ್ತದೆ? ಬೀಚಿನಲ್ಲಿ ಜೀವರಕ್ಷಕರಿದ್ದಾರೆಯೇ? ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯೇ? ಈ ಮೂರಕ್ಕೆ ಉತ್ತರವಿಲ್ಲದ ಸಂದೇಶವನ್ನು ನಂಬಿ ಮುಂಗಡ ಹಣ ಕಟ್ಟಬೇಡಿ, ಬೇರೆಯವರಿಗೂ ಕಳಿಸಬೇಡಿ. ಕಳಿಸಲೇಬೇಕೆಂದರೆ ಹಿಂಸೆಳೆತದಿಂದ ಪಾರಾಗುವ ಬಗೆಯನ್ನು ಕಳಿಸಿ. ಮುರುಡೇಶ್ವರಕ್ಕೇ ಹೋಗಲಿ, ಅಂಡಮಾನ್‌ಗೇ ಹೋಗಲಿ, ನಮ್ಮೂರಿನ ಪ್ರತಿ ಮಗುವಿಗೂ ಅದು ಗೊತ್ತಿರಬೇಕು.