ಶಾಲಾ ಸಂಸತ್ತಿಗೆ ಮಂತ್ರಿಗಳಾದರು, ಮುಂದಿನ ಸಭೆ ಯಾವಾಗ?

ಜೂನ್ ಬಂತೆಂದರೆ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕಿನ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ತರಹದ ಫೋಟೋಗಳು ಓಡಾಡ್ತವೆ. ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಮಕ್ಕಳು, ಮೊಬೈಲನ್ನೇ ಮತಯಂತ್ರ ಮಾಡಿಕೊಂಡ ಮಾಸ್ತರು, ಎದೆಗೆ ಬ್ಯಾಡ್ಜು, ಕೈ ಮುಂದೆ ಚಾಚಿ ಪ್ರಮಾಣವಚನ. ಶಾಲಾ ಸಂಸತ್ತಿನ ಚುನಾವಣೆ ಮುಗೀತು. ಮುಖ್ಯಮಂತ್ರಿ ಆಯ್ತು, ಆಹಾರ ಮಂತ್ರಿ ಆಯ್ತು, ಆರೋಗ್ಯ, ಕ್ರೀಡೆ, ಸ್ವಚ್ಛತೆ ಎಲ್ಲದಕ್ಕೂ ಒಬ್ಬೊಬ್ಬರು ಆದರು. ಕೆಲವು ಕಡೆ ವಿರೋಧ ಪಕ್ಷದ ನಾಯಕನೂ ಇದ್ದಾನೆ.

ನೋಡೋಕೆ ಚೆಂದ. ಆದರೆ ಪಾಲಕರು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಮಂತ್ರಿಮಂಡಲ ಮುಂದಿನ ಸಲ ಕೂರೋದು ಯಾವಾಗ? ಜುಲೈನಲ್ಲಿ ಆಹಾರ ಮಂತ್ರಿ ಏನು ಹೇಳಿದಳು, ಅದಕ್ಕೆ ದೊಡ್ಡವರು ಏನು ಉತ್ತರ ಕೊಟ್ಟರು? ಇದಕ್ಕೆ ಉತ್ತರ ಇಲ್ಲದಿದ್ದರೆ ನಾವು ಮಕ್ಕಳಿಗೆ ಕಲಿಸಿದ್ದು ನಾಯಕತ್ವ ಅಲ್ಲ. ಚುನಾವಣೆ ಮುಗಿದ ಮೇಲೆ ಮತ ಹಾಕಿದವರನ್ನು ಮರೆಯೋದು ಹೇಗೆ ಅನ್ನೋದನ್ನು ಕಲಿಸಿದ ಹಾಗಾಯ್ತು. ಅದನ್ನು ಕಲಿಯೋಕೆ ಶಾಲೆ ಬೇಕಾಗಿಲ್ಲ.

ವ್ಯಾಪಾರಸ್ಥರನ್ನು ಕೇಳಿದ ಶಾಲೆ

ದೂರದ ಒಂದು ಉದಾಹರಣೆ ನೋಡೋಣ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಲಿ ನಗರದಲ್ಲಿ ಎ.ಬಿ. ಕೂಂಬ್ಸ್ ಅಂತ ಒಂದು ಪ್ರಾಥಮಿಕ ಶಾಲೆ. 1999ರ ಸುಮಾರಿಗೆ ಅಲ್ಲಿ ಮಕ್ಕಳ ಸಂಖ್ಯೆ ಇಳೀತಾ ಇತ್ತು. ಮುಖ್ಯೋಪಾಧ್ಯಾಯಿನಿ ಮ್ಯೂರಿಯಲ್ ಸಮ್ಮರ್ಸ್ ಅವರು ಪಾಲಕರನ್ನೂ ಊರಿನ ವ್ಯಾಪಾರಸ್ಥರನ್ನೂ ಕರೆದು, ನಿಮಗೆ ಶಾಲೆಯಿಂದ ಎಂಥ ಮಕ್ಕಳು ಬೇಕು ಅಂತ ಕೇಳಿದರು. ಬಂದ ಉತ್ತರದಲ್ಲಿ ಅಂಕಗಳಿಗಿಂತ ಹೆಚ್ಚಾಗಿ ಇದ್ದದ್ದು ಇವು: ಹೊಣೆ ಹೊರುವವರು, ಹೇಳಿಸಿಕೊಳ್ಳದೆ ಕೆಲಸ ಶುರುಮಾಡುವವರು, ನಾಲ್ಕು ಜನರ ಜತೆ ಹೊಂದಿಕೊಂಡು ಹೋಗುವವರು. ಸ್ಟೀಫನ್ ಕೋವಿ ಅವರ ಏಳು ಅಭ್ಯಾಸಗಳನ್ನು ಇಟ್ಟುಕೊಂಡು ಆ ಶಾಲೆ ಪ್ರತಿ ಮಗುವಿಗೂ ಒಂದು ಜವಾಬ್ದಾರಿ ಕೊಡುವ ಪದ್ಧತಿ ತಂತು. ಇವತ್ತು 'ಲೀಡರ್ ಇನ್ ಮಿ' ಅನ್ನೋ ಹೆಸರಲ್ಲಿ ಅದು ಹಲವು ದೇಶಗಳಲ್ಲಿ ನಡೀತಿದೆ.

ಅದೇ ಪ್ರಶ್ನೆಯನ್ನು ಭಟ್ಕಳದ ಬಟ್ಟೆ ಅಂಗಡಿಯಲ್ಲೋ ಕುಮಟಾದ ಕಿರಾಣಿ ಅಂಗಡಿಯಲ್ಲೋ ಕೇಳಿದರೆ ಉತ್ತರ ಬಹಳ ಬೇರೆ ಇರಲಿಕ್ಕಿಲ್ಲ. ಹೊತ್ತಿಗೆ ಸರಿಯಾಗಿ ಬರುವ, ಲೆಕ್ಕದಲ್ಲಿ ತಪ್ಪಾದರೆ ಅಡಗಿಸದೆ ಹೇಳುವ, ಗಿರಾಕಿ ಸಿಟ್ಟು ಮಾಡಿದರೂ ತಾಳ್ಮೆಯಿಂದ ಮಾತಾಡುವ ಹುಡುಗ ಹುಡುಗಿಯರು ಯಾರಿಗೆ ಬೇಡ? ಇವು ಇಪ್ಪತ್ತನೇ ವಯಸ್ಸಿಗೆ ಒಮ್ಮೆಲೇ ಬರೋದಿಲ್ಲ. ಮೂರನೇ, ನಾಲ್ಕನೇ ತರಗತಿಯಲ್ಲಿ ಸಣ್ಣ ಸಣ್ಣದಾಗಿ ರೂಢಿಯಾಗಬೇಕು.

ಇಂಥದ್ದು ಬೇಕಾದರೆ ದುಡ್ಡು ಕೊಟ್ಟು ಟೈ, ಬೂಟು, ವ್ಯಾನು ಇರುವ ಶಾಲೆಗೇ ಹಾಕಬೇಕು ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಮ್ಮಿಯಾಗೋಕೆ ಅದೂ ಒಂದು ಕಾರಣ. ಆದರೆ ಸಾಮಾನು ನಮ್ಮ ಶಾಲೆಯಲ್ಲೇ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯನ್ನೇ ನೋಡಿ. ಮಕ್ಕಳು ಗುಂಪಾಗಿ ಕೂರ್ತಾರೆ, ತಾನು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿ ಇದ್ದೇನೆ ಅಂತ ಮಗು ತಾನೇ ಗುರುತಿಸುತ್ತೆ, ದೊಡ್ಡ ಮಗು ಸಣ್ಣ ಮಗುವಿಗೆ ಹೇಳಿಕೊಡುತ್ತೆ. ಇನ್ನೊಬ್ಬರಿಗೆ ಕಲಿಸೋದಕ್ಕಿಂತ ದೊಡ್ಡ ನಾಯಕತ್ವದ ಪಾಠ ಯಾವುದಿದೆ?

ಕೆರಾಡಿಯಲ್ಲಿ ಮಕ್ಕಳ ಪಂಚಾಯತಿ

ಇನ್ನು ಹತ್ತಿರದ ಉದಾಹರಣೆ. ಗಡಿ ದಾಟಿದರೆ ಕುಂದಾಪುರ ಸೀಮೆ. ಅಲ್ಲಿನ ಕೆರಾಡಿಯಲ್ಲಿ 1995ರಲ್ಲೇ ಮಕ್ಕಳ ಪಂಚಾಯತಿ ಶುರುವಾಯ್ತು. ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆ ಮತ್ತು ದುಡಿಯುವ ಮಕ್ಕಳ ಭೀಮ ಸಂಘ ಅದರ ಹಿಂದೆ ಇದ್ದವು. ಶಾಲೆಗೆ ಹೋಗುವವರು, ಶಾಲೆ ಬಿಟ್ಟು ದುಡಿಯುವವರು ಇಬ್ಬರೂ ಸೇರಿ ತಮ್ಮ ಪ್ರತಿನಿಧಿಗಳನ್ನು ಆರಿಸಿದರು. ಹಳ್ಳ ದಾಟುವ ಸಂಕದಂಥ ದಿನನಿತ್ಯದ ವಿಷಯಗಳು ಅಲ್ಲಿ ಚರ್ಚೆಗೆ ಬಂದವು.

ಚುನಾವಣೆ ಮುಗಿದ ಮೇಲೆ ನಡೆದದ್ದೇ ಇದರಲ್ಲಿ ಮುಖ್ಯ. ಮಕ್ಕಳು ಹೇಳಿದ್ದನ್ನು ಕೇಳಿಸಿಕೊಳ್ಳೋಕೆ ಪಂಚಾಯತಿಯವರು, ತಾಲೂಕಿನ ಅಧಿಕಾರಿಗಳು ಎದುರು ಕೂತರು. ಆಗೋದು ಆಗುತ್ತೆ ಅಂದರು, ಆಗದ್ದು ಯಾಕೆ ಆಗೋದಿಲ್ಲ ಅಂತ ಹೇಳಿದರು. ಮಾತಾಡಿದ್ದಕ್ಕೆ ಉತ್ತರ ಸಿಗುತ್ತೆ ಅಂತ ಗೊತ್ತಾದಾಗಲೇ ಮಗು ಎರಡನೇ ಸಲ ಯೋಚನೆ ಮಾಡಿ ಮಾತಾಡುತ್ತೆ.

ಮಕ್ಕಳ ಮಾತು ಕೇಳೋದು ಬರೀ ಮುದ್ದಿನ ವಿಷಯ ಅಲ್ಲ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆ ಬಿಟ್ಟು ಮನೆಗೆ ಹೋಗ್ತಿದ್ದ ಎರಡನೇ ತರಗತಿಯ ಹುಡುಗಿ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ನಮ್ಮ ಮೂರು ತಾಲೂಕಿನ ಒಳಭಾಗದಲ್ಲೂ ಹಳ್ಳ ಇದೆ, ಸಂಕ ಇದೆ. ಕರಾವಳಿಯ ಉದ್ದಕ್ಕೂ ಹೆದ್ದಾರಿ 66 ಇದೆ, ಅದನ್ನು ದಾಟಿ ಶಾಲೆಗೆ ಬರುವ ಮಕ್ಕಳಿದ್ದಾರೆ. ಯಾವ ಹಲಗೆ ಸಡಿಲ ಆಗಿದೆ, ಯಾವ ತಿರುವಿನಲ್ಲಿ ಗಾಡಿ ಕಾಣೋದಿಲ್ಲ ಅನ್ನೋದು ದಿನಾ ನಡೆಯುವ ಮಗುವಿಗೆ ನಮಗಿಂತ ಚೆನ್ನಾಗಿ ಗೊತ್ತು. ಅದನ್ನು ಹೇಳುವ ಧೈರ್ಯ, ಹೇಳಲಿಕ್ಕೊಂದು ಜಾಗ ಎರಡೂ ಬೇಕು.

ಜವಾಬ್ದಾರಿ ಬೇರೆ, ಚಾಕರಿ ಬೇರೆ

ಇಲ್ಲಿ ಒಂದು ಎಚ್ಚರಿಕೆ. ಜವಾಬ್ದಾರಿ ಕಲಿಸುತ್ತೇವೆ ಅನ್ನೋ ಹೆಸರಲ್ಲಿ ಪುಕ್ಕಟೆ ಕೆಲಸ ಮಾಡಿಸೋದು ನಡೆಯಬಾರದು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿದ ಸುದ್ದಿ ರಾಜ್ಯವನ್ನೇ ತಲೆ ತಗ್ಗಿಸುವಂತೆ ಮಾಡಿತು. ಸ್ವಚ್ಛತಾ ಮಂತ್ರಿಯ ಕೆಲಸ ಶೌಚಾಲಯ ತೊಳೆಯೋದಲ್ಲ. ನೀರು ಬರ್ತಿದೆಯಾ, ಬಾಗಿಲಿಗೆ ಚಿಲಕ ಇದೆಯಾ ಅಂತ ನೋಡಿ ಬರೆದಿಟ್ಟು ದೊಡ್ಡವರನ್ನು ಕೇಳೋದು. ಆಹಾರ ಮಂತ್ರಿಯೂ ಹಾಗೇ. ಬಿಸಿಯೂಟ ಮಾಡುವ ಅಮ್ಮಂದಿರ ಮೇಲೆ ದರ್ಬಾರು ಮಾಡೋದು ಅವಳ ಕೆಲಸ ಅಲ್ಲ. ಸಣ್ಣ ಮಕ್ಕಳಿಗೆ ಸಾಕಷ್ಟು ಸಿಕ್ಕಿತಾ ಅಂತ ನೋಡೋದು, ಊಟ ಚೆನ್ನಾಗಿದ್ದರೆ ಚೆನ್ನಾಗಿತ್ತು ಅಂತ ಹೇಳೋದು.

ಇನ್ನೊಂದು ಮಾತು. ಪ್ರತಿ ವರ್ಷ ಚುರುಕಾದ ನಾಲ್ಕೈದು ಮಕ್ಕಳೇ ಮಂತ್ರಿಗಳಾಗಿ ಉಳಿದವರು ಚಪ್ಪಾಳೆ ತಟ್ಟುವವರಾದರೆ ಪ್ರಯೋಜನ ಇಲ್ಲ. ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುವ ಮಾಣಿಗೂ ಒಂದು ತಿಂಗಳು ಗಂಟೆ ಹೊಡೆಯುವ, ಗ್ರಂಥಾಲಯದ ಪುಸ್ತಕ ಲೆಕ್ಕ ಇಡುವ ಕೆಲಸ ಸಿಗಬೇಕು. ತಪ್ಪಾದರೆ ಎಲ್ಲರ ಎದುರು ಬೈಯೋ ಬದಲು, ಹೇಗೆ ಸರಿ ಮಾಡ್ತೀಯಾ ಅಂತ ಕೇಳಬೇಕು. ಶಾಲೆಯ ವಾತಾವರಣ ಚೆನ್ನಾಗಿದೆ ಅಂದರೆ ಇಷ್ಟೇ.

ಪೇಟೆಗೂ ಇದಕ್ಕೂ ಸಂಬಂಧ ಇದೆ

2017ರ ಡಿಸೆಂಬರನ್ನು ನಮ್ಮ ಅಂಗಡಿಯವರು ಮರೆತಿರಲಿಕ್ಕಿಲ್ಲ. ಒಬ್ಬ ಯುವಕನ ಸಾವಿನ ಬೆನ್ನಿಗೆ ಹೊನ್ನಾವರ, ಕುಮಟಾ, ಶಿರಸಿಯಲ್ಲಿ ಗಲಭೆ ಎದ್ದು ಶಟರ್ ಎಳೆಯಬೇಕಾಯ್ತು. 2022ರಲ್ಲಿ ಸಿಬಿಐ ಅದು ಆಕಸ್ಮಿಕ ಸಾವು ಅಂತ ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ನಡುವಿನ ಐದು ವರ್ಷಗಳಲ್ಲಿ ಎಷ್ಟು ಮೆಸೇಜು ಓಡಾಡಿದವು, ಎಷ್ಟು ಮಂದಿ ಕೇಸು ಅಂತ ಕೋರ್ಟಿಗೆ ಅಲೆದರು.

ಕೇಳಿದ್ದನ್ನು ಹಾಗೇ ನಂಬದೆ ಒಮ್ಮೆ ವಿಚಾರಿಸೋದು, ತನಗೆ ಆಗದವನ ಮಾತನ್ನೂ ಪೂರ್ತಿ ಕೇಳೋದು. ಇವೂ ಅಭ್ಯಾಸಗಳೇ. ನಮ್ಮಲ್ಲಿ ಕನ್ನಡ ಶಾಲೆ, ಉರ್ದು ಶಾಲೆ ಬೇರೆ ಬೇರೆ. ಮನೆಯಲ್ಲಿ ಕೊಂಕಣಿ, ನವಾಯತಿ, ಕನ್ನಡ ಅಂತ ಮಾತೂ ಬೇರೆ. ಎಷ್ಟೋ ಮಕ್ಕಳು ಹತ್ತನೇ ತರಗತಿ ಮುಗಿಯುವವರೆಗೂ ಒಬ್ಬರನ್ನೊಬ್ಬರು ಭೇಟಿಯಾಗೋದು ಕ್ರೀಡಾಕೂಟದಲ್ಲಿ ಮಾತ್ರ, ಅದೂ ಎದುರಾಳಿಗಳಾಗಿ. ಒಂದೇ ಕ್ಲಸ್ಟರಿನ ಕನ್ನಡ ಮತ್ತು ಉರ್ದು ಶಾಲೆಗಳ ಮಕ್ಕಳ ಮಂತ್ರಿಮಂಡಲ ವರ್ಷಕ್ಕೆ ಎರಡು ಸಲ ಒಟ್ಟಿಗೆ ಕೂತು ರಸ್ತೆ, ನೀರು, ಆಟದ ಮೈದಾನದ ಬಗ್ಗೆ ಮಾತಾಡಿದರೆ ಖರ್ಚು ಏನಿದೆ? ಒಂದು ಚಾ, ಎರಡು ಪ್ಯಾಕು ಬಿಸ್ಕಿಟು.

ಈ ವರ್ಷವೇ ಆಗಬಹುದಾದದ್ದು

ಎಲ್ಲವನ್ನೂ ಮಾಸ್ತರು, ಅಕ್ಕೋರ ತಲೆಗೆ ಕಟ್ಟೋದು ಸರಿಯಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಒಬ್ಬರು ಮೀಟಿಂಗಿಗೆ ಹೋದರೆ ಉಳಿದವರೇ ಎಲ್ಲ ತರಗತಿ ನೋಡಬೇಕು. ಹಾಗಾಗಿ ಹೊಸ ಕಾರ್ಯಕ್ರಮ ಬೇಡ, ಇರೋದನ್ನೇ ಬಳಸೋಣ.

ತಿಂಗಳಿಗೊಂದು ಸಂಭ್ರಮ ಶನಿವಾರ ಇದೆ, ಅವತ್ತು ಬ್ಯಾಗಿಲ್ಲ. ಅದರಲ್ಲಿ ಅರ್ಧ ಗಂಟೆ ಮಕ್ಕಳ ಮಂತ್ರಿಮಂಡಲಕ್ಕೆ ಕೊಡಬಹುದು. ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಮಕ್ಕಳೇ ಬರೆಯಲಿ.

ಆ ನೋಟ್‌ಬುಕ್ಕು ಎಸ್.ಡಿ.ಎಂ.ಸಿ. ಸಭೆಯ ಮೊದಲ ವಿಷಯ ಆಗಲಿ. ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು. ಅಂದರೆ ಉತ್ತರ ಕೊಡಬೇಕಾದವರು ನಾವೇ. ಆಗುತ್ತೆ, ಆಗೋದಿಲ್ಲ, ಇಂಥ ದಿನದೊಳಗೆ ನೋಡ್ತೇವೆ. ಮೂರರಲ್ಲಿ ಒಂದನ್ನು ಪ್ರತಿ ಪ್ರಶ್ನೆಯ ಕೆಳಗೆ ಬರೆದು ಸಹಿ ಹಾಕೋಣ.

ಗ್ರಾಮ ಪಂಚಾಯತಿಗಳು ನವೆಂಬರ್ 14ರ ನಂತರ ಮಕ್ಕಳ ಗ್ರಾಮಸಭೆ ಕರೀತವೆ. ಅಲ್ಲಿ ಮಕ್ಕಳು ಬಾಯಿಪಾಠ ಭಾಷಣ ಒಪ್ಪಿಸೋ ಬದಲು ಅದೇ ನೋಟ್‌ಬುಕ್ಕು ಹಿಡಿದು ಹೋಗಲಿ. ಪೇಟೆಯ ವಾರ್ಡುಗಳಲ್ಲಿ ಗ್ರಾಮಸಭೆ ಇಲ್ಲ. ಅಲ್ಲಿನ ಸದಸ್ಯರು ವರ್ಷಕ್ಕೊಮ್ಮೆ ಶಾಲೆಗೆ ಹೋಗಿ ಒಂದು ತಾಸು ಕೂತರೂ ಸಾಕು.

ಅಂಗಡಿಯವರಿಗೂ ಕೆಲಸ ಇದೆ. ಶಾಲೆಗೆ ಕುರ್ಚಿ, ಫ್ಯಾನು ಕೊಟ್ಟು ಹೆಸರು ಬರೆಸೋರು ಇದ್ದಾರೆ, ಸಂತೋಷ. ಒಂದು ದಿನ ನಾಲ್ಕೈದು ಮಕ್ಕಳನ್ನು ಅಂಗಡಿಗೆ ಕರೆದು ಖರೀದಿ, ತೂಕ, ಬಿಲ್ಲು, ಉದ್ರಿ ಲೆಕ್ಕ ಹೇಗೆ ನಡೆಯುತ್ತೆ ಅಂತ ತೋರಿಸಿದರೆ ಅದೂ ದೊಡ್ಡ ಕೊಡುಗೆ.

ಈ ವಾರ ನಿಮ್ಮ ಮನೆಯ ಮಗು ಶಾಲೆಯಿಂದ ಬಂದಾಗ ಎಷ್ಟು ಮಾರ್ಕ್ಸು ಅಂತ ಕೇಳುವ ಮೊದಲು ಇದನ್ನು ಕೇಳಿ ನೋಡಿ: ನಿಮ್ಮ ಮಂತ್ರಿಮಂಡಲ ಸೇರಿತ್ತಾ, ನೀನು ಏನು ಹೇಳಿದೆ, ಅದಕ್ಕೆ ಯಾರು ಏನಂದರು? ಮಗುವಿನ ಹತ್ತಿರ ಉತ್ತರ ಇಲ್ಲದಿದ್ದರೆ, ಅದೇ ಪ್ರಶ್ನೆಯನ್ನು ಮುಂದಿನ ಎಸ್.ಡಿ.ಎಂ.ಸಿ. ಸಭೆಯಲ್ಲಿ ನೀವು ಕೇಳಿ.